ಶಾಶಿಯ ಕೆಂಪು ನೂಲು

ಹೈಮೆನ್
೧೨ ನವೆಂಬರ್ ೧೯೮೪

ಗುರುಗಳಾದ ವಾನ್ ಚುನ್‌ಷಿಯು ಅವರಿಗೆ ಷಿ ಗೆನ್‌ಬಾವೊ ಮಾಡುವ ವಂದನೆಗಳು.

ಹೊಳೆ ನನ್ನನ್ನು ನಾಲ್ಕು ದಿನಕ್ಕೆ ಊರು ಮುಟ್ಟಿಸಿತು. ನಿಮ್ಮ ಶಾಶಿಯಲ್ಲಿ ಹಡಗು ಹತ್ತಿದವನು ಎಲ್ಲೂ ದಾರಿ ಕೇಳಬೇಕಿಲ್ಲ, ನೀರು ಸಮುದ್ರ ಸೇರುವ ಹೊತ್ತಿಗೆ ಇಳಿದರೆ ಅದೇ ನಮ್ಮೂರು. ನಲವತ್ತು ದಿನ ನಿಮ್ಮ ಗಿರಣಿಯಲ್ಲಿ ಬರೆದುಕೊಂಡ ನೋಟ್‌ಬುಕ್ಕನ್ನು ಅಂಗಿಯೊಳಗೆ ಇಟ್ಟುಕೊಂಡೇ ಮಲಗಿದ್ದೆ. ಬಣ್ಣದ ತೊಟ್ಟಿಯಲ್ಲಿ ಅದ್ದಿಕೊಂಡ ಕೈ ಇನ್ನೂ ಹಸಿರಾಗಿದೆ. ನಮ್ಮ ಅಮ್ಮ ಆ ಕೈಯಲ್ಲಿ ಅನ್ನ ಮುಟ್ಟಲು ಬಿಡುತ್ತಿಲ್ಲ.

ನಮ್ಮ ಹಳ್ಳಿ ಗಿರಣಿ ಎಂದರೆ ಹಳೇ ರೇಷ್ಮೆಹುಳುವಿನ ಮನೆಯಲ್ಲಿ ಹನ್ನೆರಡು ಮಗ್ಗ, ಅಷ್ಟೇ. ನೋಟ್‌ಬುಕ್ ತೋರಿಸಿದಾಗ ಹಳ್ಳಿಯ ಕಾರ್ಯದರ್ಶಿ ನಂಬಲಿಲ್ಲ. "ಎಲ್ಲಾ ಹೇಳ್ಕೊಟ್ರಾ? ಬಣ್ಣ ಹಿಡಿಸೋದೂ?" ಎಂದರು. "ಅದನ್ನೂ ಹೇಳ್ಕೊಟ್ರು" ಎಂದೆ. "ಸುಮ್ನಿರಯ್ಯ, ಯಾರಾದ್ರೂ ತಮ್ಮ ಅನ್ನದ ಬಟ್ಟಲನ್ನ ಎತ್ತಿ ಬೇರೆಯವ್ರಿಗೆ ಕೊಡ್ತಾರಾ?" ನೀವು ಕೊಟ್ಟಿರಿ. ಎರಡು ದಿನ ನಿಮ್ಮ ಗೇಟಿನ ಹೊರಗಿನ ಬೆಂಚಿನಲ್ಲಿ ಕೂತಿದ್ದು ಬಿಟ್ಟರೆ ನನಗೆ ಯಾವ ತಡೆಯೂ ಆಗಲಿಲ್ಲ.

ಒಂದೇ ಒಂದು ಸಂದೇಹ. ಮಂಚದ ಪ್ರತಿ ಹಾಸುಬಟ್ಟೆ ಮುಗಿದಾಗ ನೀವು ಮಗ್ಗ ನಿಲ್ಲಿಸಿ, ಲಾಳಿ ಬದಲಿಸಿ, ಅಡ್ಡಕ್ಕೆ ಒಂದೇ ಒಂದು ಕೆಂಪು ನೂಲು ಹಾಯಿಸುತ್ತಿದ್ದಿರಿ. ಆಮೇಲೆ ಅದು ಅಂಚಿನ ಮಡಿಕೆಯೊಳಗೆ ಹೋಗಿ ಯಾರಿಗೂ ಕಾಣುವುದಿಲ್ಲ. ಯಾಕೆಂದು ಕೇಳಿದಾಗಲೇ ಊಟದ ಗಂಟೆ ಹೊಡೆಯಿತು. ದಯವಿಟ್ಟು ತಿಳಿಸಿ.

ಗೆನ್‌ಬಾವೊ


ಶಾಶಿ
೩ ಡಿಸೆಂಬರ್ ೧೯೮೪

ಗೆನ್‌ಬಾವೊ,

ನಿಮ್ಮ ಕಾರ್ಯದರ್ಶಿಗೆ ಹೇಳು: ಇದು ಶಾಶಿ. ಬೀಜಿಂಗ್‌ನಿಂದ ಬಂದವರೂ ಇಲ್ಲಿ ನೋಟ್‌ಬುಕ್ ಬಿಚ್ಚುತ್ತಾರೆ. ಈ ತಿಂಗಳು ಒಂಬತ್ತು ಊರಿನ ತಂಡಗಳು ಬಂದಿದ್ದವು. ನಮ್ಮ ಮ್ಯಾನೇಜರ್ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ: "ನೋಡ್ಕೊಳ್ಳಿ, ಬರ್ಕೊಳ್ಳಿ, ಕೈಲಾದ್ರೆ ಮಾಡಿ ತೋರ್ಸಿ." ಕಲಿಸಿದ ಮಾತ್ರಕ್ಕೆ ಕಡಿಮೆಯಾಗುವಂಥ ಕೆಲಸವಲ್ಲ ನಮ್ಮದು. ಪಕ್ಕದ ಯೀಚಾಂಗ್‌ನವರು ಮದುವೆಗೆ ಹಾಸುಬಟ್ಟೆ ಬೇಕೆಂದು ನಮ್ಮೂರ ನೆಂಟರ ಕಾಲು ಹಿಡಿಯುತ್ತಾರೆ, ಗೊತ್ತಾ? ಅವರ ಊರು ಇನ್ನೂ ಹಳ್ಳಿಯ ದೊಡ್ಡಣ್ಣ.

ಆ ಬೆಂಚಿನ ಮೇಲೆ ಇವತ್ತು ಹದಿನೇಳು ಜನ ಕೊಳ್ಳುವವರು ಕೂತಿದ್ದಾರೆ. ಹಾರ್ಬಿನ್‌ನವನೊಬ್ಬ ಹನ್ನೊಂದು ದಿನದಿಂದ ಇದ್ದಾನೆ. ಆ ಚಳಿಯಲ್ಲಿ ಹುಟ್ಟಿದವನಿಗೆ ನಮ್ಮ ಚಳಿ ಯಾವ ಲೆಕ್ಕ, ಕೂತಿರಲಿ.

ಕೆಂಪು ನೂಲಿನ ವಿಷಯ. ನೇಯುವಾಗಿನ ಎಳೆತ ಅಲ್ಲಿ ಮುರಿಯಬೇಕು. ಇಲ್ಲದಿದ್ದರೆ ಮೂರು ಒಗೆತಕ್ಕೆ ಬಟ್ಟೆ ಒಂದು ಮೂಲೆಗೆ ಸೊಟ್ಟಗಾಗುತ್ತದೆ. ಕೆಂಪೇ ಆಗಬೇಕು, ಒಂದೇ ಎಳೆ ಆಗಬೇಕು. ಪ್ರಶ್ನೆ ಸಾಕು, ಹಾಕು.

ಕತ್ತರಿ ವಿಭಾಗದ ಪೆಂಗ್, ಅಂದರೆ ನನ್ನ ಯಜಮಾನರು, ನಿನ್ನನ್ನು ನೆನೆಯುತ್ತಿರುತ್ತಾರೆ. ಬೆಳಗಿನ ನೂಡಲ್ಸ್ ಜೊತೆ ಒಂದು ಲೋಟ ಸಾರಾಯಿ ಕುಡಿಯಲಾರದೆ ಕೆಮ್ಮಿದೆಯಂತೆ. "ಹುಡ್ಗ ಒಳ್ಳೇವ್ನು, ಆದ್ರೆ ಶಾಶಿಯೋನಾಗೋದು ಕಷ್ಟ" ಎನ್ನುತ್ತಾರೆ.

ವಾನ್ ಚುನ್‌ಷಿಯು


ಹೈಮೆನ್
೨೦ ಮಾರ್ಚ್ ೧೯೮೭

ಗುರುಗಳಿಗೆ ವಂದನೆ.

ಇದರ ಜೊತೆಗಿರುವ ಪೊಟ್ಟಣದಲ್ಲಿ ನಾವು ನೇಯ್ದ ಒಂದು ಹಾಸುಬಟ್ಟೆ ಇದೆ. ಎರಡು ವರ್ಷ ಹಾಳು ಮಾಡಿದ್ದಾಯಿತು, ಇದು ಮೊದಲ ಸಲ ನಾಚಿಕೆಯಿಲ್ಲದೆ ನಿಮಗೆ ತೋರಿಸಬಹುದಾದ್ದು. ನಿಮ್ಮಂತೆಯೇ ಕೆಂಪು ನೂಲು ಹಾಕಿದ್ದೇವೆ. ಮಗ್ಗ ನಿಲ್ಲಿಸಿದಾಗಲೆಲ್ಲ ನೇಯುವವರು ಗೊಣಗುತ್ತಾರೆ, ನಾನು ಕೇಳುವುದಿಲ್ಲ. ಅಗಲ ಮಾತ್ರ ಆರಡಿಗೆ ಹೆಚ್ಚಿಸಿದ್ದೇವೆ.

ಚಳಿಗಾಲದಲ್ಲಿ ನಾನೂ ಇನ್ನಿಬ್ಬರೂ ಮೂಟೆ ಹೊತ್ತು ಹಾರ್ಬಿನ್‌ಗೆ ಹೋಗಿದ್ದೆವು. ಮೂರು ದಿನ ರೈಲಿನಲ್ಲಿ ನಿಂತೇ ಪ್ರಯಾಣ. ಎಲ್ಲವೂ ಮಾರಾಟವಾಯಿತು. ದೋಷವಿದ್ದರೆ ಬೈದು ಬರೆಯಿರಿ.

ಗೆನ್‌ಬಾವೊ


ಶಾಶಿ
೮ ಮೇ ೧೯೮೭

ಗೆನ್‌ಬಾವೊ,

ಬೈಯುತ್ತೇನೆ. ನಿನ್ನ ಬಟ್ಟೆಯ ಮೇಲಿನ ಕಮಲದ ಚಿತ್ತಾರಕ್ಕೆ ಜ್ವರ ಬಂದಿದೆ, ಬಿಳಿಚಿಕೊಂಡಿದೆ. ಬಣ್ಣದ ತೊಟ್ಟಿಗೆ ಉಪ್ಪು ಕಡಿಮೆ. ಎಲೆಯ ಅಂಚು ಚೆನ್ನಾಗಿದೆ, ಅದನ್ನು ನೋಡಿ ನನಗೆ ಸಂತೋಷವಾಯಿತು, ಪೆಂಗ್ ಅವರ ಮುಂದೆ ಎರಡು ಸಲ ಹಾಸಿ ತೋರಿಸಿದೆ. ನಾಲ್ಕು ಸಲ ಒಗೆದೆ, ಬಣ್ಣ ಬಿಡಲಿಲ್ಲ. ನನ್ನ ಶಿಷ್ಯ!

ಆದರೆ ಈ ಅಗಲ ಯಾತಕ್ಕೆ? ಕೇಳಿದವರು ಯಾರು? ನಮ್ಮ ಅಗಲ ಗಿರಣಿ ಹುಟ್ಟಿದಾಗಿನಿಂದ ಒಂದೇ. ಯಾವನೂ ತಕರಾರು ಮಾಡಿಲ್ಲ. ಇನ್ನು ಮೂಟೆ ಹೊತ್ತು ಊರೂರು ಅಲೆಯುವುದು ಓದಿ ಹೊಟ್ಟೆ ಉರಿಯಿತು. ನೇಕಾರ ಕೂಲಿಯವನಾಗಬಾರದು. ಬಟ್ಟೆ ಚೆನ್ನಾಗಿದ್ದರೆ ಕೊಳ್ಳುವವರು ತಾವೇ ಬಂದು ಬಾಗಿಲಲ್ಲಿ ಕೂರುತ್ತಾರೆ. ನಮ್ಮಲ್ಲಿ ಒಂದು ಬೆಂಚು ಸಾಲದೆ ಇನ್ನೊಂದು ಮಾಡಿಸಿದ್ದೇವೆ.

ವಾನ್


ಹೈಮೆನ್
೧ ಡಿಸೆಂಬರ್ ೧೯೯೪

ಗುರುಗಳಿಗೆ,

ಏಳು ವರ್ಷದಲ್ಲಿ ನಾನು ಬರೆದ ನಾಲ್ಕು ಪತ್ರಗಳಿಗೆ ಉತ್ತರವಿಲ್ಲ. ಕೆಲಸದ ಒತ್ತಡವಿರಬೇಕು ಎಂದುಕೊಂಡಿದ್ದೇನೆ. ಶಾಶಿ ಮತ್ತು ಜಿಂಗ್‌ಝೌ ಎರಡನ್ನೂ ಸೇರಿಸಿ ದೊಡ್ಡ ನಗರ ಮಾಡಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಅಭಿನಂದನೆಗಳು.

ಇಲ್ಲಿ ಹೊಸ ಕಟ್ಟಡ ಕಟ್ಟಿದ್ದೇವೆ. ನೀವೂ ಪೆಂಗ್ ಅವರೂ ಬಂದು ಒಂದು ವರ್ಷ ಇದ್ದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಬೇಕು. ಮನೆ ಸಿದ್ಧವಿದೆ. ಏನು ಬೇಕೋ ನೀವೇ ಹೇಳಿ.

ಗೆನ್‌ಬಾವೊ


ಶಾಶಿ
೧೫ ಜನವರಿ ೧೯೯೫

ಮಾನ್ಯ ಷಿ ಅವರಿಗೆ,

ತಮ್ಮ ಪತ್ರ ತಲುಪಿದೆ. ಗಿರಣಿಯಲ್ಲಿ ಕೆಲಸ ಹೇರಳವಾಗಿದೆ, ಬಿಡುವಿಲ್ಲ. ಬೆಂಚುಗಳಿಗೆ ಹೊಸ ಬಣ್ಣ ಹೊಡೆಸಿದ್ದೇವೆ.

ಅಭಿನಂದನೆ ಹೇಳಿದ್ದೀರಿ. ಕೋಟೆಯೊಳಗಿನ ಆ ಹಳೇ ಜಿಂಗ್‌ಝೌನವರು ನಮ್ಮೂರಿಗೆ ಸೋಪು, ಥರ್ಮಾಸ್, ಹಾಸುಬಟ್ಟೆ ಕೊಳ್ಳಲು ಬಸ್ಸು ಹತ್ತಿ ಬರುತ್ತಿದ್ದವರು. ಈಗ ಅವರ ಕಚೇರಿಯ ಮುಂದೆ ನಾವು ಅರ್ಜಿ ಹಿಡಿದು ನಿಲ್ಲಬೇಕು. ಯಾರ ಮದುವೆ, ಯಾರಿಗೆ ಅಭಿನಂದನೆ?

ಕಲಿಸಲು ಬರಬೇಕೆಂದಿದ್ದೀರಿ. ಕಲಿಯಲು ಬರುವವರಿಗೆ ಶಾಶಿಯ ಬಾಗಿಲು ಯಾವಾಗಲೂ ತೆರೆದಿತ್ತು. ಕಲಿಸುವವರೇ ಹುಡುಕಿಕೊಂಡು ಹೋಗುವ ಪದ್ಧತಿ ಇಲ್ಲಿಲ್ಲ.

ವಾನ್ ಚುನ್‌ಷಿಯು


ಹೈಮೆನ್
೧೮ ಆಗಸ್ಟ್ ೧೯೯೮

ಗುರುಗಳೇ,

ಸಿಟ್ಟು ಆಮೇಲೆ ಮಾಡಿಕೊಳ್ಳಿ. ಬದುಕಿದ್ದೀರಾ, ಅಷ್ಟು ಬರೆಯಿರಿ.

ಹತ್ತು ದಿನದಿಂದ ನಮ್ಮ ನೇಯ್ಗೆ ಶೆಡ್ಡಿನಲ್ಲಿ ರೇಡಿಯೊ ಆರಿಸಿಲ್ಲ. ಗಂಟೆಗೊಮ್ಮೆ "ಶಾಶಿಯಲ್ಲಿ ನೀರಿನ ಮಟ್ಟ" ಎನ್ನುತ್ತಾರೆ, ಎಲ್ಲ ಮಗ್ಗಗಳೂ ನಿಲ್ಲುತ್ತವೆ. ನಿನ್ನೆ ಪ್ರವಾಹ ಅಪಾಯದ ಗೆರೆ, ನಲವತ್ತೈದು ಮೀಟರ್, ದಾಟಿತು ಎಂದಾಗ ಹುಡುಗಿಯೊಬ್ಬಳು ಅತ್ತಳು. ಅವಳು ನಿಮ್ಮೂರನ್ನು ನೋಡಿಯೂ ಇಲ್ಲ.

ಗೆನ್‌ಬಾವೊ


ಶಾಶಿ
೨೦ ಸೆಪ್ಟೆಂಬರ್ ೧೯೯೮

ಗೆನ್‌ಬಾವೊ,

ಬದುಕಿದ್ದೇವೆ. ಕಟ್ಟೆ ಒಡೆಯಲಿಲ್ಲ. ಆಚೆ ದಡದವರು ಮನೆ ಖಾಲಿ ಮಾಡಿಕೊಂಡು ಹೊರಟಿದ್ದರು, ನಮ್ಮೂರನ್ನು ಉಳಿಸಲು ಅತ್ತ ಕಟ್ಟೆ ಒಡೆದು ನೀರು ಬಿಡುವ ಮಾತಿತ್ತು. ಅದೂ ಬೇಕಾಗಲಿಲ್ಲ. ನಿನಗೆ ಗೊತ್ತಲ್ಲ, ಹೊಳೆ ನಮ್ಮ ಬೀದಿಗಳಿಗಿಂತ ಎತ್ತರ, ನಮ್ಮಲ್ಲಿ ಹಡಗು ನೋಡಬೇಕೆಂದರೆ ತಲೆ ಎತ್ತಿ ನೋಡಬೇಕು. ಈ ಸಲ ತಲೆ ಎತ್ತಿದರೆ ನೀರೇ ಕಾಣುತ್ತಿತ್ತು. ನಲವತ್ತು ದಿನ ಇಡೀ ಶಾಶಿ ಕಟ್ಟೆಯ ಮೇಲಿತ್ತು. ಎರಡು ವರ್ಷದ ಹಿಂದೆ ನಗರದ ಹೆಸರಿನಿಂದ ನಮ್ಮೂರನ್ನು ಪೂರ್ತಿ ಕಿತ್ತು ಬರೀ ಜಿಂಗ್‌ಝೌ ಎಂದು ಮಾಡಿದರು. ಆದರೆ ಹೊಳೆ ಅಳೆಯುವ ಕಂಬದ ಮೇಲೆ ಶಾಶಿ ಎಂದೇ ಇದೆ. ದೇಶವೆಲ್ಲ ನಮ್ಮ ಹೆಸರು ಹಿಡಿದು ಉಸಿರು ಬಿಗಿಹಿಡಿದಿತ್ತು ಎಂದು ಓದಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಎದೆ ಉಬ್ಬಿತು.

ಕಟ್ಟೆಗೆ ಮಣ್ಣಿನ ಚೀಲ ಸಾಲದಾದಾಗ ನಾವು ಗಿರಣಿಯ ಉಗ್ರಾಣದ ಬೀಗ ಒಡೆದೆವು. ಮಾರಾಟವಾಗದೆ ಉಳಿದ ಹಾಸುಬಟ್ಟೆಗಳನ್ನೆಲ್ಲ ಮಡಚಿ ಹೊಲಿದು ಮಣ್ಣು ತುಂಬಿದೆವು. ಮುನ್ನೂರು ಹೆಂಗಸರು, ಮೂರು ದಿನ. ನನ್ನ ಕಮಲಗಳ ಮೇಲೆ ಹೊಳೆ ಬಂದು ಹೊಡೆಯಿತು, ಒಂದು ಚೀಲವೂ ಹರಿಯಲಿಲ್ಲ. ಅದು ಶಾಶಿಯ ಬಟ್ಟೆ.

ಈಗ ನಿನಗೆ ಗೊತ್ತಾಯಿತು. ಉಗ್ರಾಣದ ತುಂಬ ಬಟ್ಟೆ ಕೊಳೆಯುತ್ತಿತ್ತು. ನಾನು ನಿನಗೆ ಸುಳ್ಳು ಬರೆದೆ. ತೊಂಬತ್ತೈದರಲ್ಲಿ ಮೂರರಲ್ಲೊಂದು ಪಾಲು ಮಗ್ಗ ಮಾತ್ರ ನಡೆಯುತ್ತಿದ್ದವು. ಕಳೆದ ವರ್ಷ ಗಿರಣಿಯನ್ನೇ ಮುಚ್ಚಿದರು. ಗೇಟಿನ ಬೆಂಚಿನ ಮೇಲೆ ಈಗ ಕೆಲಸ ಕಳೆದುಕೊಂಡ ನಾವೇ ಕೂರುತ್ತೇವೆ.

ಮುಚ್ಚಿದ ದಿನದ ಸಭೆಯಲ್ಲಿ ಮಗ್ಗ ರಿಪೇರಿಯ ಯಾನ್ ಕಾಯ್‌ಫು ಎದ್ದು ನಿಂತು ಎಲ್ಲರೆದುರು ಹೇಳಿದ: "ಗಿರಣಿ ತಿಂದ್ಹಾಕಿದ್ದು ಈ ವಾನ್! ಕರಾವಳಿಯೋರಿಗೆ ಕೂರಿಸ್ಕೊಂಡು ಕಲಿಸಿದ್ಳು. ಈಗ ನಮ್ಮ ಪೇಟೆಯಲ್ಲೇ ಅವರ ಬಟ್ಟೆ ಮಾರ್ತಾರೆ, ಹೋಗಿ ನೋಡಿ!" ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ. ಅಂದಿನಿಂದ ನಾನು ಆ ಪೇಟೆಗೆ ಕಾಲಿಟ್ಟಿಲ್ಲ. ಮೂವತ್ತು ವರ್ಷ ಜೊತೆಗೆ ದುಡಿದವರು ಬೆಂಚಿನಲ್ಲಿ ನನಗೆ ಜಾಗ ಬಿಡುವುದಿಲ್ಲ.

ಪೆಂಗ್ ಹೇಳುತ್ತಾರೆ, ರೈಲು ಬರಲಿಲ್ಲ, ಅದಕ್ಕೇ ಕೆಟ್ಟೆವು. ಬೇರೆಯವರು ಹೇಳುತ್ತಾರೆ, ಜಿಂಗ್‌ಝೌನವರ ಜೊತೆ ಕಟ್ಟಿಹಾಕಿದ್ದರಿಂದ, ಯೀಚಾಂಗ್‌ಗೆ ಅಣೆಕಟ್ಟು ಕೊಟ್ಟಿದ್ದರಿಂದ. ನನಗೆ ಅವರ್ಯಾರ ಮಾತೂ ಬೇಡ. ನೀನು ಹೇಳು. ನಾನು ನಿನಗೆ ಕಲಿಸಿದ್ದರಿಂದ ನನ್ನ ಊರು ಮುಳುಗಿತಾ? ಮುಲಾಜು ಬೇಡ. ನಿನ್ನ ಮುಲಾಜು ನನಗೆ ಗೊತ್ತು, ಅದನ್ನು ಪಕ್ಕಕ್ಕಿಟ್ಟು ಬರಿ.

ವಾನ್


ಹೈಮೆನ್
೧೪ ಅಕ್ಟೋಬರ್ ೧೯೯೮

ಗುರುಗಳೇ,

ಬರೆದು ಹರಿದು, ಬರೆದು ಹರಿದು ಇವತ್ತಿಗೆ ಎಂಟನೇ ಹಾಳೆ.

ಪೇಟೆಯಲ್ಲಿರುವುದು ನಮ್ಮ ಬಟ್ಟೆಯೇ. ಐದು ವರ್ಷದಿಂದ ಶಾಶಿಗೆ ಕಳಿಸುತ್ತಿದ್ದೇವೆ, ನಿಮಗೆ ಬರೆಯಲು ಕೈ ಬರಲಿಲ್ಲ. ಇಲ್ಲಿ ಈಗ ಹನ್ನೆರಡು ಮಗ್ಗವಲ್ಲ, ನಾನೂರು. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಗಿರಣಿ ಇನ್ನೂ ನೂರಾರು. ನನ್ನಿಂದ ಕಲಿತವರು ಅವರಿಗೆ ಕಲಿಸಿದರು.

ಆದರೂ ನೀವು ಕಲಿಸಿದ್ದರಿಂದ ಶಾಶಿ ಮುಳುಗಲಿಲ್ಲ. ನಿಮ್ಮ ಹತ್ತಿರ ಕಲಿಯದಿದ್ದರೆ ಶಾಂಘೈಗೆ ಹೋಗುತ್ತಿದ್ದೆ. ಎರಡು ವರ್ಷ ತಡವಾಗುತ್ತಿತ್ತು, ಬಟ್ಟೆ ಇಷ್ಟು ಚೆನ್ನಾಗಿರುತ್ತಿರಲಿಲ್ಲ, ಅಷ್ಟೇ.

ರೈಲು ಎಂದಿರಿ. ನಮ್ಮೂರಿಗೆ ಇವತ್ತಿಗೂ ರೈಲಿಲ್ಲ. ದೋಣಿಯಲ್ಲಿ ಹೊಳೆ ದಾಟಿ ಶಾಂಘೈಗೆ ಹೋಗಿ ಹತ್ತುತ್ತಿದ್ದೆವು. ಹೆಸರು ಕಿತ್ತದ್ದು ಅನ್ಯಾಯವೇ, ಆದರೆ ನಿಮ್ಮ ಮಗ್ಗಗಳು ಅದಕ್ಕೂ ಮೊದಲೇ ನಿಲ್ಲತೊಡಗಿದ್ದವು. ಯೀಚಾಂಗ್‌ನ ಅಣೆಕಟ್ಟು ಹಾಸುಬಟ್ಟೆ ನೇಯುವುದಿಲ್ಲ.

ಈಗ ನಾನು ಹದಿನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಒಳಗೆ ಬಿಡುವ ಮೊದಲು ನಾನು ಎರಡು ದಿನ ನಿಮ್ಮ ಬೆಂಚಿನಲ್ಲಿ ಕೂತಿದ್ದೆ. ಆಮೇಲೂ ನೀವು ಮಧ್ಯಾಹ್ನ ಊಟಕ್ಕೆ ಹೋದಾಗಲೆಲ್ಲ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಹಾರ್ಬಿನ್‌ನವನೊಬ್ಬ, ಲಾನ್‌ಝೌನವನೊಬ್ಬ, ಚೆಂಗ್ಡುವಿನವನೊಬ್ಬ, ಎಲ್ಲರದೂ ಒಂದೇ ಗೋಳು. "ಹೊಸ ಮಂಚ ಅಗಲ ಆಗಿದೆ ಕಣಪ್ಪ, ಇವರ ಬಟ್ಟೆ ಸಾಲಲ್ಲ. ಹೇಳಿದ್ರೆ ಇದ್ದದ್ದು ತಗೊಂಡ್ಹೋಗು ಅಂತಾರೆ." "ಒಂದು ಲೋಟ ಬಿಸಿನೀರು ಕೇಳಿದ್ರೆ ಗೇಟಿನೋನು ಮುಖ ತಿರುಗಿಸ್ತಾನೆ." ನಾನು ಅವರ ಹೆಸರು, ವಿಳಾಸ, ಬೇಕಾದ ಅಗಲ, ಬೇಕಾದ ಬಣ್ಣ ಎಲ್ಲ ಬರೆದುಕೊಂಡೆ. ನನ್ನ ಬಳಿ ಎರಡು ನೋಟ್‌ಬುಕ್ ಇದ್ದವು ಗುರುಗಳೇ. ನೀವು ನೋಡಿದ್ದು ಒಂದನ್ನು.

ಬಣ್ಣ ಹಿಡಿಸುವುದನ್ನು ನೀವು ಕಲಿಸಿದಿರಿ. ಯಾರಿಗಾಗಿ ಹಿಡಿಸಬೇಕು ಎಂಬುದನ್ನು ಆ ಬೆಂಚು ಕಲಿಸಿತು. ನಾನಿದ್ದ ನಲವತ್ತು ದಿನದಲ್ಲಿ ನಿಮ್ಮ ಗಿರಣಿಯ ಒಬ್ಬರೇ ಒಬ್ಬರು ಬಂದು ಅದರ ಮೇಲೆ ಕೂತದ್ದನ್ನು ನಾನು ನೋಡಲಿಲ್ಲ. ಶಾಶಿ ಯಾಕೆ ಹಿಂದೆ ಬಿತ್ತು, ನಮ್ಮೂರು ಯಾಕೆ ಮುಂದೆ ಬಂತು ಎಂದರೆ ನನಗೆ ತಿಳಿದ ಉತ್ತರ ಇದು. ಈ ಪತ್ರವನ್ನು ಯಾನ್ ಅವರಿಗೆ ನನ್ನ ಹೆಸರು ಹೇಳಿಯೇ ಓದಿ. ತಪ್ಪು ಕಲಿಸಿದವರದ್ದಲ್ಲ. ಕದ್ದು ಕೇಳಿಸಿಕೊಂಡವನು ನಾನು.

ಇನ್ನೊಂದು ಮಾತು. ನಮ್ಮ ಇಂಜಿನಿಯರ್ ಕೆಂಪು ನೂಲು ತೆಗೆಯಬೇಕೆಂದು ಹಟ ಹಿಡಿದಿದ್ದಾನೆ. ಅದಿಲ್ಲದೆ ನೇಯ್ದು ಇಪ್ಪತ್ತು ಸಲ ಒಗೆದು ನೋಡಿದನಂತೆ, ಸೊಟ್ಟಗಾಗಲಿಲ್ಲವಂತೆ. ನನ್ನ ಗುರುಗಳ ಮಾತು ಸುಳ್ಳಾಗುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಸರಿ ತಾನೆ?

ಗೆನ್‌ಬಾವೊ


ಶಾಶಿ
೯ ನವೆಂಬರ್ ೧೯೯೮

ಗೆನ್‌ಬಾವೊ,

ನಿನ್ನ ಪತ್ರ ಓದಿ ಎರಡು ದಿನ ನಿನ್ನನ್ನು ಕಳ್ಳ ಎಂದು ಬೈದೆ. ಮೂರನೆಯ ದಿನ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಅಲ್ಲಿಂದ ನಮ್ಮ ಗೇಟು ಹೇಗೆ ಕಾಣುತ್ತದೆ ಎಂದು ಮೂವತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ. ಬಹಳ ಎತ್ತರವಾಗಿದೆ. ನೀನು ನಿಜ ಬರೆದಿದ್ದೀಯ.

ನಿನ್ನ ಇಂಜಿನಿಯರನೂ ನಿಜ ಹೇಳಿದ್ದಾನೆ. ನಿನಗೆ ಕಲಿಸಿದ್ದರಲ್ಲಿ ಅದೊಂದು ಸುಳ್ಳು.

ಪೆಂಗ್ ಅವರ ಕಣ್ಣು ಎಪ್ಪತ್ತೊಂಬತ್ತನೇ ಇಸವಿಯಿಂದಲೇ ಮಂಜಾಗತೊಡಗಿತ್ತು. ಬಟ್ಟೆ ಮಗ್ಗದಿಂದ ಉದ್ದಕ್ಕೆ ಇಳಿಯುತ್ತದೆ, ಒಂದು ಹಾಸು ಮುಗಿದು ಇನ್ನೊಂದು ಶುರುವಾಗುವ ಸಂದನ್ನು ನೋಡಿ ಕತ್ತರಿಸಬೇಕು. ಅವರಿಗೆ ಆ ಸಂದು ಕಾಣುತ್ತಿರಲಿಲ್ಲ. ಹೇಳಿದರೆ ಗೇಟು ಕಾಯಲು ಹಾಕುತ್ತಿದ್ದರು. ಶಾಶಿಯಲ್ಲಿ ಅವರಷ್ಟು ನೇರವಾಗಿ ಕತ್ತರಿಸುವವರು ಇರಲಿಲ್ಲ, ಅಂಥವರು ಗೇಟಿನಲ್ಲಿ ಕೂರುವುದೇ? ಕೆಂಪೊಂದು ಅವರಿಗೆ ಕಾಣುತ್ತಿತ್ತು. ಅದಕ್ಕೇ ಆ ನೂಲು. ಎಳೆತ ಮುರಿಯುತ್ತದೆ ಎಂದು ಮ್ಯಾನೇಜರ್‌ಗೂ ಅದೇ ಸುಳ್ಳು ಹೇಳಿದ್ದೆ. ಹೊರಗೆ ಸರತಿ ನಿಂತಿರುವಾಗ ಒಳಗೆ ಯಾರು ಪ್ರಶ್ನೆ ಕೇಳುತ್ತಾರೆ? ನೀನೊಬ್ಬನೇ ಕೇಳಿದ್ದು.

ಈಗ ಅವರಿಗೆ ಕೆಂಪೂ ಕಾಣುವುದಿಲ್ಲ. ಹದಿನಾಲ್ಕು ವರ್ಷ ನಿನ್ನ ಮಗ್ಗಗಳನ್ನು ಸುಮ್ಮನೆ ನಿಲ್ಲಿಸಿದೆ. ತೆಗೆದುಹಾಕು. ನಿನ್ನ ಇಂಜಿನಿಯರ್ ಬುದ್ಧಿವಂತ ಎಂದು ಅವನಿಗೆ ಹೇಳು.

ವಾನ್


ಹೈಮೆನ್
೨ ಡಿಸೆಂಬರ್ ೧೯೯೮

ಗುರುಗಳೇ,

ನಿಮ್ಮ ಪತ್ರವನ್ನು ಕತ್ತರಿ ವಿಭಾಗದಲ್ಲಿ ಎಲ್ಲರೆದುರು ಓದಿದೆ. ಇಂಜಿನಿಯರ್ ನಕ್ಕ. ನಾಳೆಯಿಂದ ಕೆಂಪು ನೂಲು ಬೇಡ ಎಂದು ಹೇಳಲು ನಾನೂ ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಗು ಚಿಕ್ಕಮ್ಮ ಎದ್ದು ನಿಂತರು. ಐವತ್ತೆಂಟು ವರ್ಷ, ನಮ್ಮಲ್ಲಿ ಎಲ್ಲರಿಗಿಂತ ಹಳಬರು, ಯಾವತ್ತೂ ಒಂದು ಮಾತಾಡಿದವರಲ್ಲ. ಕತ್ತರಿ ಕೈಯಲ್ಲೇ ಇತ್ತು. "ಅದನ್ನ ತೆಗೀಬೇಡಪ್ಪ ಗೆನ್‌ಬಾವೊ. ಐದಾರು ವರ್ಷದಿಂದ ನಂಗೆ ಅದೊಂದೇ ಕಾಣ್ಸೋದು" ಎಂದರು. ಆಮೇಲೆ ಇನ್ನಿಬ್ಬರು ಎದ್ದರು.

ಆ ಮೂವರ ಕಣ್ಣಿನ ಚಿಕಿತ್ಸೆ ಶುರುವಾಗಿದೆ. ಇಂಜಿನಿಯರ್ ಈಗ ನಗುವುದಿಲ್ಲ. ನೂಲು ಇರುತ್ತದೆ. ಸುತ್ತಲಿನ ನೂರಾರು ಗಿರಣಿಗಳೂ ನಮ್ಮನ್ನು ನೋಡಿ ಹಾಕುತ್ತಿವೆ, ಯಾಕೆಂದು ಅವರಿಗೂ ಗೊತ್ತಿಲ್ಲ. ನಾನು ಹೇಳಲು ಹೋಗುವುದಿಲ್ಲ.

ಗೆನ್‌ಬಾವೊ


ಶಾಶಿ
೨೭ ಡಿಸೆಂಬರ್ ೧೯೯೮

ಗೆನ್‌ಬಾವೊ,

ನಿನ್ನ ಎರಡೂ ಪತ್ರಗಳನ್ನು ಬೆಂಚಿನ ಬಳಿ ನಿಂತು ಗಟ್ಟಿಯಾಗಿ ಓದಿದೆ. ಯಾನ್ ಕಾಯ್‌ಫು ತಲೆ ತಗ್ಗಿಸಿ ಕೇಳಿದ. ಓದಿ ಮುಗಿಸಿದ ಮೇಲೆ ಅವನು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟ. ಕ್ಷಮಿಸು ಎನ್ನಲಿಲ್ಲ, ಅವನಿಗೆ ಅದು ಬರುವುದಿಲ್ಲ. ಆಮೇಲೆ ಕೇಳಿದ: "ಎಷ್ಟು ಅಗಲ ಅಂದ ಅವ್ನು? ಆರಡಿಯಾ? ನಮ್ಮ ಆ ಮೂಲೆ ಮಗ್ಗಗಳನ್ನ ಅಷ್ಟಕ್ಕೆ ಎಳೀಬಹುದು ಕಣೆ."

ಇವತ್ತು ಪೆಂಗ್ ಅವರ ಕೈ ಹಿಡಿದುಕೊಂಡು ಪೇಟೆಗೆ ಹೋದೆ. ನಿನ್ನ ಹಾಸುಬಟ್ಟೆ ಒಂದನ್ನು ಕೊಂಡು, ಅಂಗಡಿಯವಳು ಹೌಹಾರುವಂತೆ ಅಲ್ಲೇ ಅಂಚಿನ ಹೊಲಿಗೆ ಬಿಚ್ಚಿದೆ. ಇತ್ತು. ಅವರ ಬೆರಳು ಹಿಡಿದು ಅದರ ಮೇಲೆ ಇಟ್ಟೆ. ಆ ನೂಲು ಅವರಿಗಾಗಿ ಎಂದು ಅವರಿಗೂ ಹೇಳಿರಲಿಲ್ಲ ನಾನು. ಹತ್ತೊಂಬತ್ತು ವರ್ಷದ ಮೇಲೆ ಆ ಪೇಟೆಯ ನಡುವೆ ಹೇಳಿದೆ. ಈಗ ಈ ನೂಲು ಎಲ್ಲೆಲ್ಲಿ ಹಾಕುತ್ತಾರೆ ಎನ್ನುವುದನ್ನೂ ಹೇಳಿದೆ.

ಅವರು ಬೆರಳಿನಲ್ಲೇ ಈ ತುದಿಯಿಂದ ಆ ತುದಿಯವರೆಗೆ ನೂಲನ್ನು ತಡವಿದರು. ಅಳುತ್ತಾರೇನೋ ಎಂದುಕೊಂಡೆ. ತಲೆ ಎತ್ತಿ ಇಡೀ ಪೇಟೆಗೆ ಕೇಳುವಂತೆ ಹೇಳಿದರು: "ಹಾಗಾದ್ರೆ ಅರ್ಧ ದೇಶ ನನ್ನ ಕುರುಡಿನ ಮೇಲೆ ಮಲಗಿದೆ ಅನ್ನು!"

ನಾಳೆ ಬೆಳಗಿನ ನೂಡಲ್ಸ್ ಅಂಗಡಿಯಲ್ಲಿ ಇದನ್ನೇ ಎಲ್ಲರಿಗೂ ಹೇಳುತ್ತಾರಂತೆ. ಎರಡು ಲೋಟ ಕುಡಿಯುತ್ತಾರಂತೆ, ಒಂದು ನಿನ್ನ ಲೆಕ್ಕದ್ದು.

ವಾನ್ ಚುನ್‌ಷಿಯು